ತೋರಿಸದೆ ಅಳಿಸಿದ ಫೋಟೋ

ಒಂದೇ ಒಂದು ಫೋಟೋ ಅಳಿಸಿದ್ದು ಎಂದು ಆ ಮನುಷ್ಯ ನನಗೆ ಮೂರು ಸಲ ಹೇಳಿದ. ಮೂರು ಸಲವೂ "ಒಂದೇ" ಎನ್ನುವುದನ್ನು ಒತ್ತಿ ಒತ್ತಿ ಹೇಳಿದ, ನನಗೆ ಎಣಿಕೆಯೇ ಬರುವುದಿಲ್ಲವೇನೋ ಎನ್ನುವ ಹಾಗೆ. ಮೂವತ್ತು ವರ್ಷ ಕ್ಯಾಮರಾದ ಸದ್ದು ಎಣಿಸುತ್ತಲೇ ತಲೆ ನರೆಸಿಕೊಂಡವಳು ನಾನು. ಒಂದು ಎಂದರೆ ಎಷ್ಟು ಎಂದು ನನಗೆ ಗೊತ್ತು. ಅದನ್ನೇ ಹೇಳಲು ಕೂತಿದ್ದೇನೆ. ನಡುವೆ ಸಿಟ್ಟು ಬಂದರೆ ಬರಲಿ, ಅದನ್ನು ನುಂಗಿಕೊಂಡು ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇನ್ನೂ ಹತ್ತು ಜನ ಉದ್ದುದ್ದ ಲೆನ್ಸ್ ಹೊತ್ತುಕೊಂಡು ಬರುತ್ತೀರಿ. ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ನಮ್ಮೂರಿದೆ. ಒಂದು ಬಜಾರು, ಮುಚ್ಚಿಹೋದ ಒಂದು ಮರ ಕೊಯ್ಯುವ ಮಿಲ್ಲು, ಒಂದು ಫೋಟೋ ಸ್ಟುಡಿಯೋ, ಹೊಳೆಯಾಚೆ ಬಿದಿರು, ಬಸರಿ, ತಾರೆ ಮರಗಳ ಕಾಡು. ಇಲ್ಲಿ ಯಾವುದೇ ಹಕ್ಕಿಯ ಫೋಟೋ ತೆಗೆದರೂ, ಆ ಫೋಟೋವನ್ನು ಅದಕ್ಕೆ ತೋರಿಸುವ ತನಕ ಅದು ಕೂತ ಕೊಂಬೆ ಬಿಟ್ಟು ಏಳುವುದಿಲ್ಲ. ಹಾರುತ್ತಿರುವಾಗ ತೆಗೆದರೆ ಎದುರಿಗೆ ಸಿಕ್ಕ ಕೊಂಬೆಗೆ ಬಂದು ಕೂರುತ್ತದೆ, ಆಮೇಲೆ ಏಳುವುದಿಲ್ಲ. ತೋರಿಸಿದರೆ ಕತ್ತು ಓರೆ ಮಾಡಿ ನೋಡುತ್ತದೆ, ಮೈ ಕೊಡವುತ್ತದೆ, ತನ್ನ ದಾರಿ ಹಿಡಿದು ಹೋಗುತ್ತದೆ. ಹತ್ತು ತೆಗೆದಿದ್ದರೆ ಹತ್ತನ್ನೂ ತೋರಿಸಬೇಕು. ಬೇರೆಯವರು ತೆಗೆದದ್ದು ನಡೆಯುವುದಿಲ್ಲ, ಕನ್ನಡಿ ನಡೆಯುವುದಿಲ್ಲ, ಬರೆದ ಚಿತ್ರವೂ ನಡೆಯುವುದಿಲ್ಲ. ಇವೆಲ್ಲ ನಮ್ಮ ಹಿರಿಯರು ಮಾಡಿ ನೋಡಿ ಬಿಟ್ಟ ಪ್ರಯತ್ನಗಳು.

ಹಾಗಾಗಿ ಮದುವೆ ಫೋಟೋಗಳನ್ನು ನಾವು ಕಿಟಕಿ ಮುಚ್ಚಿ ತೆಗೆಸುತ್ತೇವೆ. ಶಾಲೆಯ ಗುಂಪು ಫೋಟೋದ ದಿನ ಹೆಡ್‌ಮಾಸ್ತರರು ಮೊದಲು ಆಕಾಶ ನೋಡುತ್ತಾರೆ, ಆಮೇಲೆ ಮಕ್ಕಳ ಕಡೆ ತಿರುಗುತ್ತಾರೆ. ನನ್ನ ಮದುವೆಯಲ್ಲಿ ಎಷ್ಟು ಎಚ್ಚರ ವಹಿಸಿದರೂ ಒಂದು ಗುಬ್ಬಿ ಫೋಟೋದೊಳಗೆ ನುಸುಳಿ, ಹಂದರದ ಗಳದ ಮೇಲೆ ಎರಡು ದಿನ ಕೂತಿತ್ತು. ಬೀಗರು ಉಂಡು ಎಲೆ ಅಡಿಕೆ ಹಾಕಿಕೊಂಡು ಊರಿಗೆ ಹೋದರು, ಹಂದರ ಮಾತ್ರ ಬಿಚ್ಚುವ ಹಾಗಿರಲಿಲ್ಲ. ಆಗ ಸ್ಟುಡಿಯೋ ನಡೆಸುತ್ತಿದ್ದ ಗೌಸಸಾಹೇಬರು ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದು, ಹಸಿ ಹಸಿಯಾಗಿಯೇ ತುದಿ ಹಿಡಿದುಕೊಂಡು ಓಡಿ ಬಂದರು. ಏಣಿ ಹತ್ತಿ ಗುಬ್ಬಿಗೆ ತೋರಿಸಿದವಳು ಮದುಮಗಳಾದ ನಾನೇ. ಆವತ್ತಿನಿಂದ ಈ ಕೆಲಸ ನನಗೆ ಅಂಟಿಕೊಂಡಿತು. ಇದನ್ನು ಮಾಡುವವರನ್ನು ಊರಲ್ಲಿ ಬಿಡಿಸುವವರು ಎನ್ನುತ್ತಾರೆ. ಈಗ ನಾಲ್ಕು ಜನ ಇದ್ದೇವೆ, ಎಲ್ಲರಿಗಿಂತ ಹಿರಿಯಳು ಫಕೀರವ್ವ, ಅಂದರೆ ನಾನು.

ಮೊದಲು ನಮ್ಮ ಕೆಲಸಕ್ಕೊಂದು ಕ್ರಮವಿತ್ತು. ಬಂದವರು ಫೋಟೋ ತೆಗೆಯುವಾಗ ನಾವು ಪಕ್ಕದಲ್ಲಿ ನಿಂತು ಕಿವಿಯಿಂದ ಎಣಿಸುತ್ತಿದ್ದೆವು. ಟಕ್ ಎಂದರೆ ಒಂದು. ಎಣಿಕೆ ಮುಗಿದ ಮೇಲೆ ಅದೇ ಮರದ ಕೆಳಗೆ, ಅಲ್ಲಿಂದ ಒಂದು ಹೆಜ್ಜೆ ಸರಿಯುವ ಮೊದಲೇ, ಅಷ್ಟನ್ನೂ ತೋರಿಸಿಯೇ ಮುಂದೆ ಹೋಗುವುದು. ರೀಲಿನ ಕಾಲದಲ್ಲಿ ಅದು ಆಗದಿದ್ದಾಗ, ಫೋಟೋ ತೊಳೆದು ಬರುವ ತನಕ ಬಿದಿರಿನ ಗಳಕ್ಕೆ ಹಣ್ಣು ಸಿಕ್ಕಿಸಿ, ತೆಂಗಿನ ಚಿಪ್ಪಿನಲ್ಲಿ ನೀರು ಎತ್ತಿ ಹಿಡಿದು ಹಕ್ಕಿಯನ್ನು ನೋಡಿಕೊಳ್ಳುತ್ತಿದ್ದೆವು. ಯಾರಿಗೂ ಅದು ಹೊರೆ ಅನ್ನಿಸಿರಲಿಲ್ಲ.

ಕೆಡಿಸಿದವನು ಚನವೀರಪ್ಪ. ಮುಚ್ಚಿದ ಮಿಲ್ಲಿನ ಜಾಗದಲ್ಲಿ ಲಾಡ್ಜ್ ಕಟ್ಟಿದವನು. ಬೆಳಗಿನ ಒಳ್ಳೆಯ ಬಿಸಿಲನ್ನು ತೋರಿಸುವುದರಲ್ಲಿ ಕಳೆದರೆ ಅತಿಥಿಗಳಿಗೆ ನಷ್ಟ ಎಂದು ಅವನು ಹೊಸ ಪದ್ಧತಿ ತಂದ. ಬೆಳಿಗ್ಗೆಯೆಲ್ಲ ತೆಗೆಯುವುದು, ಮಧ್ಯಾಹ್ನ ಉಣ್ಣುವುದು, ಬಿಸಿಲು ಕೆಟ್ಟ ಮೇಲೆ ಹೋಗಿ ತೋರಿಸುವುದು. ಅಲ್ಲಿಯ ತನಕ ಹಕ್ಕಿ ಹೇಗೂ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ನಕ್ಕ. ನಾನು ಜಗಳ ತೆಗೆದೆ. "ಫಕೀರವ್ವ, ನಿನ್ನ ಬಾಯಿಗೆ ಹೆದರಿ ಮಂದಿ ಬರೂದ ಬಿಟ್ರ ಊರಿಗೆ ಲುಕ್ಸಾನ ಆಗೂದು. ಸುಮ್ನಿರೂದ ಕಲಿ" ಎಂದ. ಅವನ ಪಕ್ಕ ಬಜಾರಿನವರೂ ನಿಂತರು. ನಾನು ಸುಮ್ಮನಿರುವುದನ್ನು ಕಲಿತೆ. ಆ ಪಾಠ ಕಲಿತದ್ದಕ್ಕೆ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ಆ ಬೇಸಿಗೆಯಲ್ಲಿ ಬಂದ ಗುಂಪಿನಲ್ಲಿ ಅನಿರುದ್ಧ ತೊರವಿ ಎನ್ನುವವನು ಮುಖ್ಯ. ನಲವತ್ತರ ಆಸುಪಾಸಿನವನು, ಮೈತುಂಬ ಎಲೆ ಬಣ್ಣದ ಬಟ್ಟೆ, ಟೋಪಿಗೂ ಎಲೆಯ ಚಿತ್ರ. ಉಳಿದ ಐದು ಜನ ಅವನಿಂದ ಕಲಿಯಲು ಬಂದವರು, ಅವನು ಉಸಿರು ಬಿಡಿ ಎಂದರೆ ಬಿಡುವವರು. ಅವನ ಕ್ಯಾಮರಾಕ್ಕೆ ನಾನು ಕಿವಿಗೊಟ್ಟು ನಿಂತೆ. ಅದಕ್ಕೆ ಸದ್ದೇ ಇರಲಿಲ್ಲ. ಬೆರಳು ಒತ್ತಿ ಹಿಡಿದರೆ ಒಂದು ಉಸಿರಿನಲ್ಲಿ ಇಪ್ಪತ್ತು ಫೋಟೋ, ಒಂದು ಟಕ್ ಕೂಡ ಇಲ್ಲ.

"ಸಾಹೇಬ್ರ, ಇದಕ್ಕ ಸಪ್ಪಳ ಬರೂ ಹಂಗ ಮಾಡಾಕ ಬರಂಗಿಲ್ಲೇನ್ರಿ?" ಎಂದು ಕೇಳಿದೆ.

"ಬರುತ್ತಮ್ಮ. ಆದರೆ ಸೌಂಡ್ ಮಾಡಿದರೆ ಹಕ್ಕಿಗೆ ಡಿಸ್ಟರ್ಬ್ ಆಗುತ್ತೆ. ನಮಗೆ ಹಕ್ಕಿ ಮುಖ್ಯ" ಎಂದ. ಹಿಂದಿದ್ದ ಐವರೂ ತಲೆಯಾಡಿಸಿದರು.

ಹೊಳೆ ದಾಟಿದ ಮೇಲೆ ಒಂದು ದೊಡ್ಡ ಬಸರಿ ಮರವಿದೆ. ಹಣ್ಣು ಬಿಟ್ಟಿತ್ತು. ಅದಕ್ಕೆ ಕಪ್ಪು ಬಿಳುಪಿನ ಮಂಗಟ್ಟೆ ಹಕ್ಕಿಯೊಂದು ಬರುತ್ತಿತ್ತು, ಗಂಡು. ಮಂಗಟ್ಟೆ ನೋಡದವರಿಗೆ ಹೇಳುತ್ತೇನೆ, ಕುಡುಗೋಲಿನಂತೆ ಬಾಗಿದ ಹಳದಿ ಕೊಕ್ಕು, ಅದರ ಮೇಲೊಂದು ಕೊಂಬು, ಹಾರಿದರೆ ರೆಕ್ಕೆಯ ಸದ್ದು ನೂರು ಮಾರು ಕೇಳಿಸುತ್ತದೆ. ಅದರ ಹೆಣ್ಣು ಮೊಟ್ಟೆಯಿಡುವ ಕಾಲಕ್ಕೆ ಮರದ ಪೊಟರೆ ಸೇರಿ, ಬಾಗಿಲಿಗೆ ಮಣ್ಣು ಹಿಕ್ಕೆ ಮೆತ್ತಿ, ತನ್ನನ್ನು ತಾನೇ ಒಳಗೆ ಹಾಕಿಕೊಂಡು ಗೋಡೆ ಕಟ್ಟಿಬಿಡುತ್ತದೆ. ಕೊಕ್ಕಿನ ತುದಿ ಹೊರಬರುವಷ್ಟು ಒಂದು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರಿರುತ್ತವೆ. ಮರಿ ದೊಡ್ಡದಾಗುವ ತನಕ ಎರಡು ಮೂರು ತಿಂಗಳು ಗಂಡು ತಂದುಕೊಟ್ಟದ್ದೇ ಊಟ. ಈ ಗಂಡಿನ ಹೆಣ್ಣು ಬಸರಿಯಿಂದ ಮುನ್ನೂರು ಹೆಜ್ಜೆ ದೂರದ ತಾರೆ ಮರದ ಪೊಟರೆಯಲ್ಲಿತ್ತು. ಮೊಟ್ಟೆಯೊಡೆದು ವಾರವಾಗಿತ್ತು ಎಂದು ಒಳಗಿನ ಚೀರು ಸದ್ದಿನಿಂದ ನನಗೆ ಗೊತ್ತಿತ್ತು.

ಇದನ್ನೆಲ್ಲ ತೊರವಿಗೆ ಹೇಳಿದೆ. "ಇದನ್ನ ತಗದ್ರ ಮರದ ಬುಡದಾಗ ನಿಂತ ತೋರಿಸಿಬಿಡ್ರಿ, ಊಟದ ತನಕ ತಡಿಬ್ಯಾಡ್ರಿ, ಒಳಗ ಬಾಣಂತಿ ಅದಾಳ" ಎಂದೆ. "ಬಾಣಂತಿ" ಎಂದದ್ದಕ್ಕೆ ಗುಂಪಿನ ಒಬ್ಬಾಕೆ "ಸೋ ಸ್ವೀಟ್" ಎಂದಳು. ಐವರು ನೋಡಿ ಕಲಿಯುತ್ತ ನಿಂತರು, ತೊರವಿಯೊಬ್ಬನೇ ಅರ್ಧ ಗಂಟೆ ತೆಗೆದ. ಮೊದಲು ಅದು ಮರಕ್ಕೆ ಹಾರಿ ಬರುವಾಗ ತೆಗೆದ. ಆಗಲೇ ಅದು ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬಂದು ಬಸರಿಯ ಕೆಳಗಿನ ಕೊಂಬೆಯಲ್ಲಿ ಕೂತುಬಿಟ್ಟಿತು. ಕೂತಲ್ಲೇ ಹಣ್ಣು ಕೀಳುವುದನ್ನು ತೆಗೆದ, ಮೇಲಕ್ಕೆಸೆದು ಹಿಡಿಯುವುದನ್ನು ತೆಗೆದ. ಗಂಟಲು ಹಣ್ಣಿನಿಂದ ಉಬ್ಬಿತ್ತು. "ಈಗ ತೋರಿಸ್ರಿ" ಎಂದೆ. ಅವನು ಚನವೀರಪ್ಪನ ಮುಖ ನೋಡಿದ. ಚನವೀರಪ್ಪ ನನ್ನನ್ನು ನೋಡಿದ. ಬಿಸಿಲು ಇನ್ನೂ ಬಂಗಾರದ ಬಣ್ಣದಲ್ಲಿತ್ತು, ಹೊಳೆ ದಂಡೆಯಲ್ಲಿ ಮಿಂಚುಳ್ಳಿ ಸಿಗುತ್ತದೆ ಎಂದು ಅವರು ಹೋದರು.

ಮಧ್ಯಾಹ್ನ ಲಾಡ್ಜಿನ ಊಟದ ಮನೆಯಲ್ಲಿ ನಾನು ಎದುರಿನ ಬೆಂಚಿನಲ್ಲಿದ್ದೆ. ತೊರವಿ ಬಲಗೈಯಲ್ಲಿ ಅನ್ನ ಕಲಸುತ್ತ, ಎಡಗೈಯ ಹೆಬ್ಬೆರಳಿನಿಂದ ಕ್ಯಾಮರಾ ಒತ್ತುತ್ತಿದ್ದ. ಒತ್ತುವ ರೀತಿ ನೋಡಿದರೆ ಗೊತ್ತಾಗುತ್ತದೆ. ಸುಮ್ಮನೆ ನೋಡುವವರ ಹೆಬ್ಬೆರಳು ಒಂದು ಬದಿಗೆ ಆಡುತ್ತದೆ, ಅಳಿಸುವವರದು ನಿಂತು, ಒತ್ತಿ, ಮತ್ತೆ ಒತ್ತುತ್ತದೆ. ಅವನದು ನಿಂತು, ಒತ್ತಿ, ಮತ್ತೆ ಒತ್ತಿತು. ಅವನ ತಲೆಯ ಮೇಲಿನ ಗೋಡೆಯಲ್ಲೇ ಬೋರ್ಡಿತ್ತು: ತೋರಿಸದೆ ಅಳಿಸಬಾರದು. ನಾನು ಎದ್ದು ಕೇಳಬೇಕಿತ್ತು. ಚನವೀರಪ್ಪ ಮಜ್ಜಿಗೆ ಬಡಿಸುತ್ತ ನಿಂತಿದ್ದ. ಬೇರೆ ಏನೋ ಇರಬೇಕು, ಎಲೆಯದೋ ಹೂವಿನದೋ, ಎಂದು ನನಗೆ ನಾನೇ ಹೇಳಿಕೊಂಡು ಮಜ್ಜಿಗೆ ಕುಡಿದೆ.

ನಾಲ್ಕು ಗಂಟೆಗೆ ಬಸರಿಯ ಬುಡಕ್ಕೆ ಹೋದೆವು. ಗಂಡು ಕೂತಲ್ಲೇ ಕೂತಿತ್ತು. ಕ್ಯಾಮರಾವನ್ನು ಗಳದ ತುದಿಯ ತೊಟ್ಟಿಲಿಗೆ ಕಟ್ಟಿ ಮೇಲೆತ್ತಿ ತೋರಿಸುವುದು ನಮ್ಮ ರೂಢಿ. ಇನ್ನೂರ ಹನ್ನೊಂದು ಫೋಟೋ. ಅವು ಒಂದಾದ ಮೇಲೊಂದು ತಾವೇ ಸರಿಯುವ ಹಾಗೆ ತೊರವಿ ಮಾಡಿಕೊಟ್ಟ. ಹಕ್ಕಿ ಪ್ರತಿಯೊಂದನ್ನೂ ಕತ್ತು ಓರೆ ಮಾಡಿ ನೋಡಿತು. ಕೊನೆಯದು ಮುಗಿಯಿತು. ಇನ್ನು ಮೈ ಕೊಡವುತ್ತದೆ ಎಂದು ಎಲ್ಲರೂ ಕಾದೆವು. ಕೊಡವಲಿಲ್ಲ. ಪರದೆಯನ್ನೇ ನೋಡುತ್ತ ಕೂತಿತು.

"ಯಾಕ ಹಾರವಲ್ದು?" ಎಂದ ಚನವೀರಪ್ಪ.

"ಸಾಹೇಬ್ರ, ಏನರ ಅಳಿಸೀರೇನ?" ಎಂದೆ ನಾನು.

ಆಗಲೇ ಅವನು ಮೊದಲ ಸಲ ಹೇಳಿದ್ದು. "ಒಂದೇ ಒಂದು. ಅದೂ ಔಟ್ ಆಫ್ ಫೋಕಸ್. ಹಾರುವಾಗ ತೆಗೆದದ್ದು, ಬರೀ ಮಸಕು. ಅದರಲ್ಲಿ ಹಕ್ಕಿ ಅಂತ ಗುರುತೇ ಸಿಗಲ್ಲ."

"ನಿಮಗ ಸಿಗಂಗಿಲ್ಲ. ಅದಕ್ಕ ಸಿಗತೈತಿ."

"ಕೆಟ್ಟ ಫೋಟೋ ಇಟ್ಟುಕೊಳ್ಳೋದು ನನ್ನ ಅಭ್ಯಾಸ ಅಲ್ಲಮ್ಮ" ಎಂದ. ಹೆಮ್ಮೆಯಿಂದಲೇ ಹೇಳಿದ. ಐವರಲ್ಲಿ ಒಬ್ಬ ಅದನ್ನು ಬರೆದುಕೊಂಡ.

ಗೌಸಸಾಹೇಬರು ತೀರಿಕೊಂಡ ಮೇಲೆ ಸ್ಟುಡಿಯೋ ಅವರ ಮಗಳು ಶಮೀಮಳ ಕೈಯಲ್ಲಿದೆ. ಅಪ್ಪ ಕತ್ತಲೆ ಕೋಣೆಯಲ್ಲಿ ಮಾಡುತ್ತಿದ್ದುದನ್ನು ಅವಳು ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಓಡಿ ಹೋಗಿ ಕೇಳಿದೆ. "ಅಳಿಸಿದ್ದು ತಿರುಗಿ ಬರತೈತಿ ಅಕ್ಕಾರ. ಆದ್ರ ಆ ಕಾರ್ಡಿನ ಮ್ಯಾಲ ಮತ್ತ ಒಂದ ಫೋಟೋನೂ ತಗೀಬಾರದು. ಹೊಸಾದು ಬಂದ ಹಳೇದರ ಜಾಗಾದಾಗ ಕುಂತ್ರ ಮುಗೀತು. ಈಗಿಂದೀಗ ಕಾರ್ಡ್ ತಗೊಂಬರ್ರಿ" ಎಂದಳು. ಮತ್ತೆ ಓಡಿದೆ. ಐವತ್ತು ದಾಟಿದ ಮೊಣಕಾಲು ನನ್ನವು, ಆವತ್ತು ಹೊಳೆಯನ್ನು ಆರು ಸಲ ದಾಟಿದವು.

ಅಳಿಸಿದ್ದು ಒಂದೇ ಒಂದಲ್ಲವೇ ಎಂದು ಎರಡನೇ ಸಲ ಹೇಳಿದ ತೊರವಿ ಕಾರ್ಡ್ ಕೊಡಲಿಲ್ಲ. ಅದರಲ್ಲಿ ಅವನ ಮೂರು ದಿನದ ಕೆಲಸ ಇತ್ತಂತೆ, ಯಾವುದೋ ಊರಿನ ಸ್ಟುಡಿಯೋದವರ ಕೈಗೆ ಕೊಡಲು ಆಗುವುದಿಲ್ಲವಂತೆ, ಮೊದಲು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ನಾಳೆ ಕೊಡುತ್ತಾನಂತೆ. "ಹಂಗಾರ ಅದನ್ನ ಕ್ಯಾಮರಾದಿಂದ ತಗದ ಇಡ್ರಿ, ಅದರಾಗ ಮತ್ತ ಏನೂ ತಗೀಬ್ಯಾಡ್ರಿ" ಎಂದು ಕೈ ಮುಗಿದೆ. ಹೌದು, ಕೈ ಮುಗಿದೆ. ಖಂಡಿತ ಎಂದ. ಮರುದಿನ ಹತ್ತು ಗಂಟೆಗೆ ಕಾರ್ಡ್ ಕೈಗೆ ಬಂತು. ಶಮೀಮ ಅದನ್ನು ಹಾಕಿ ನೋಡಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಅವತ್ತು ಬೆಳಗಿನ ಆರು ಗಂಟೆಯಿಂದ ತೆಗೆದ ನಾನೂರು ಚಿಟ್ಟೆ ಫೋಟೋ ಅದರಲ್ಲಿದ್ದವು. ಚಿಟ್ಟೆಗೆ ಏನೂ ತೋರಿಸಬೇಕಿಲ್ಲವಲ್ಲ, ಅದಕ್ಕೇ ಆರಾಮಾಗಿ ತೆಗೆದಿದ್ದ. ಬೇರೆ ಕಾರ್ಡ್ ಚೀಲದ ತಳದಲ್ಲಿತ್ತಂತೆ, ಹುಡುಕುವಷ್ಟರಲ್ಲಿ ಬೆಳಕು ಹೋಗುತ್ತಿತ್ತಂತೆ.

ಶಮೀಮ ಮಧ್ಯಾಹ್ನದ ತನಕ ಕೂತು ಅಳಿಸಿದ ಫೋಟೋದ ಮೇಲಿನ ಕಾಲುಭಾಗವನ್ನು ಮಾತ್ರ ಹಿಂದೆ ತಂದಳು. ಒಂದಿಷ್ಟು ಎಲೆ, ಒಂದು ರೆಕ್ಕೆಯ ತುದಿ, ಅದರ ಕೆಳಗೆಲ್ಲ ಬೂದಿ. ಅದನ್ನೇ ಅಚ್ಚು ಹಾಕಿಸಿ ಗಳಕ್ಕೆ ಕಟ್ಟಿ ಎತ್ತಿದೆವು. ಹಕ್ಕಿ ಬಹಳ ಹೊತ್ತು ನೋಡಿತು. ಬಲಗಾಲನ್ನು ಕೊಂಬೆಯಿಂದ ಎತ್ತಿತು. ಎಡಗಾಲು ಏಳಲಿಲ್ಲ. ಎತ್ತಿದ ಕಾಲನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ಹಾಗೇ ಹಿಡಿದಿದ್ದು, ಮತ್ತೆ ಕೊಂಬೆಯ ಮೇಲೆ ಇಟ್ಟಿತು. ಶಮೀಮ ಅಲ್ಲಿಯೇ ಕೂತು ಅತ್ತಳು. ನನಗೆ ಅಳು ಬರಲಿಲ್ಲ, ಗಳ ಇಳಿಸಿ ಆ ಅಚ್ಚನ್ನು ಬಿಚ್ಚಿದೆ.

ಗಂಡಿಗೆ ನಾವು ಗಳದಲ್ಲಿ ಹಣ್ಣು ಕೊಡುತ್ತಿದ್ದೆವು. ತೆಗೆದುಕೊಳ್ಳುತ್ತಿತ್ತು, ನುಂಗುತ್ತಿರಲಿಲ್ಲ. ಗಂಟಲ ಚೀಲದಲ್ಲಿ ತುಂಬಿಕೊಂಡು ತಾರೆ ಮರದ ದಿಕ್ಕಿಗೆ ಮುಖ ಮಾಡಿ ಕೂರುತ್ತಿತ್ತು. ಪೊಟರೆಯ ಹೆಣ್ಣಿಗೂ ಗಳದಲ್ಲಿ ಹಣ್ಣು ಹಿಡಿದು ನೋಡಿದೆವು. ಸೀಳಿನಿಂದ ಹೊರಬಂದ ಕೊಕ್ಕು ಬಿದಿರು ತಾಗಿದ ಕೂಡಲೇ ಒಳಗೆ ಸರಿಯಿತು, ಮತ್ತೆ ಬರಲಿಲ್ಲ. ಮೂರನೆಯ ದಿನ ಮರಿಯ ಚೀರು ಸದ್ದು ಸಣ್ಣಗಾಯಿತು. ಗೋಡೆ ಒಡೆದರೆ ಗರಿಯಿಲ್ಲದ ತಾಯಿ ಹೊರಬಿದ್ದು ಮುಂಗುಸಿಯ ಬಾಯಿ ಸೇರುತ್ತದೆ, ಒಡೆಯದಿದ್ದರೆ ಒಳಗೇ ಸಾಯುತ್ತದೆ. ಅದೇ ಹೊತ್ತಿಗೆ ತೊರವಿ ಲಾಡ್ಜಿನ ಅಂಗಳದಲ್ಲಿ ಐವರಿಗೆ ತಾಳ್ಮೆಯ ಬಗ್ಗೆ ಪಾಠ ಮಾಡುತ್ತಿದ್ದ.

ದಾರಿ ಕಂಡವನು ಧೂಳಪ್ಪ. ಜೇನು ಕೀಳಲು ಮರ ಹತ್ತುವವನು, ಅರವತ್ತಾದರೂ ಕೋತಿಗಿಂತ ಚುರುಕು, ನಾನು ಅಣ್ಣ ಎಂದೇ ಕರೆಯುವುದು. ಬಸರಿಯ ಬುಡದಲ್ಲಿ ಬೀಡಿ ಸೇದುತ್ತ ಕೂತವನು, "ತಂಗಿ, ಹಕ್ಕಿ ಕೊಂಬಿ ಬಿಡಂಗಿಲ್ಲ, ಖರೆ. ಕೊಂಬಿ ಮರ ಬಿಡಬಾರದಂತ ಎಲ್ಲೈತಿ?" ಎಂದ.

ನಾನು ಅವನ ಮುಖ ನೋಡಿದೆ. ಮೂವತ್ತು ವರ್ಷದಲ್ಲಿ ನನ್ನ ತಲೆಗೆ ಅದು ಹೊಳೆದಿರಲಿಲ್ಲ.

ಸುದ್ದಿ ಬಜಾರಿಗೆ ಹೋಯಿತು. ಅಂಗಡಿಗಳು ಅರ್ಧ ಬಾಗಿಲು ಎಳೆದವು. ಮಿಲ್ಲಿನಲ್ಲಿ ಹಿಂದೆ ದುಡಿದವರು ಹಗ್ಗ, ಗರಗಸ ತಂದರು. ಮೊದಲು ಒಂದು ಬುಟ್ಟಿ ಇಟ್ಟು ಎಲ್ಲರ ಫೋನನ್ನೂ ಅದರಲ್ಲಿ ಹಾಕಿಸಿದೆ. ಧೂಳಪ್ಪ ಹತ್ತಿ, ಕೊಂಬೆಯ ಎರಡೂ ತುದಿಗೆ ಹಗ್ಗ ಬಿಗಿದು, ಬುಡದಲ್ಲಿ ಗರಗಸ ಹಚ್ಚಿದ. ಕೊಂಬೆ ಕಳಚಿದಾಗ ಹಕ್ಕಿ ರೆಕ್ಕೆ ಬಿಚ್ಚಿ ದಬದಬ ಬಡಿಯಿತು. ಹಾರಲಿಲ್ಲ, ಹಾರಲು ಆಗುವಂತಿರಲಿಲ್ಲ. ಹಗ್ಗ ಸಡಿಲಿಸುತ್ತ ಸಡಿಲಿಸುತ್ತ ಕೆಳಗಿಳಿಸಿ, ಎಂಟು ಜನ ಹೆಗಲು ಕೊಟ್ಟೆವು. ನಡುವೆ ಮೊಣಕಾಲುದ್ದದ ಒಂದು ಹಳ್ಳ, ಅದರಲ್ಲಿ ಕಾಲು ಜಾರದ ಹಾಗೆ ಇಬ್ಬರು ಮುಂದೆ ಮುಂದೆ ಕಲ್ಲು ತಡವುತ್ತ ಹೋದರು. ಕೊಂಬೆಯ ಮೇಲೆ ಮಂಗಟ್ಟೆ ಆ ಕಡೆ ಈ ಕಡೆ ತೂಗುತ್ತ, ದೊಡ್ಡ ಕೆಂಪು ಕಣ್ಣಿನಿಂದ ನಮ್ಮನ್ನು ನೋಡುತ್ತಿತ್ತು.

ಹಳ್ಳದ ದಂಡೆಗೆ ತೊರವಿ ಬಂದ. ಕ್ಯಾಮರಾ ಕತ್ತಿನಲ್ಲಿತ್ತು. "ಒಂದು ಫ್ರೇಮ್ ತೆಗೀಲಾ? ಇಂಥದ್ದು ನನ್ನ ಜೀವನದಲ್ಲಿ ಮತ್ತೆ ಸಿಗಲ್ಲ. ತಕ್ಷಣ ತೋರಿಸಿಬಿಡ್ತೀನಿ" ಎಂದ.

ನನ್ನ ಹೆಗಲ ಮೇಲೆ ಹಗ್ಗವಿತ್ತು, ಕೈ ಬಿಡುವ ಹಾಗಿರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತೋ. "ಎಂಟ ಮಂದಿ ಹೊತ್ತೀವಿ, ಒಂಬತ್ತನೇ ಹೆಗಲ ಬೇಕಾಗೈತಿ, ಬರ್ತೀರೇನ?" ಎಂದೆ. ಅವನು ಗಡಿಯಾರ ನೋಡಿಕೊಂಡ. ರೈಲಿಗೆ ಹೊತ್ತಾಗಿತ್ತಂತೆ. ಗುಂಪಿನಲ್ಲಿ "ಸೋ ಸ್ವೀಟ್" ಎಂದಿದ್ದಾಕೆ ಮಾತ್ರ ಬೂಟು ಬಿಚ್ಚದೆ ನೀರಿಗಿಳಿದು ಹೆಗಲು ಕೊಟ್ಟಳು. ಅವಳ ಹೆಸರು ಕೇಳುವುದು ನನಗೆ ಮರೆತೇಹೋಯಿತು.

ತಾರೆ ಮರಕ್ಕೆ ಆ ಕೊಂಬೆಯನ್ನು ಎತ್ತಿ, ಪೊಟರೆಯ ಸೀಳಿಗೆ ಒಂದು ಕೊಕ್ಕಿನಷ್ಟು ದೂರ ಬರುವಂತೆ ಧೂಳಪ್ಪ ಬಿಗಿದು ಕಟ್ಟಿದ. ಎಲ್ಲರೂ ದೂರ ಸರಿದು ಕೂತೆವು. ಗಂಡು ಕತ್ತು ಚಾಚಿ ಸೀಳಿನ ಪಕ್ಕದ ತೊಗಟೆಯನ್ನು ಎರಡು ಸಲ ಕುಟ್ಟಿತು. ಒಳಗಿನಿಂದ ಏನೂ ಇಲ್ಲ. ಮತ್ತೆ ಕುಟ್ಟಿತು. ಆಮೇಲೆ ಸೀಳಿನಲ್ಲಿ ಕೊಕ್ಕಿನ ತುದಿ ಕಾಣಿಸಿತು. ಗಂಡು ಗಂಟಲಿನಿಂದ ಒಂದು ಹಣ್ಣು ಮೇಲೆ ತಂದು, ಕೊಕ್ಕಿನ ತುದಿಗೆ ಉರುಳಿಸಿ, ಕೊಟ್ಟಿತು. ಇನ್ನೊಂದು ಕೊಟ್ಟಿತು. ಮೂರು ದಿನ ತಾನು ಉಪವಾಸವಿದ್ದು ಕೂಡಿಟ್ಟಿದ್ದ ಹತ್ತೊಂಬತ್ತು ಹಣ್ಣು. ಜೋರಾಗಿ ಎಣಿಸಿದ್ದು ನಾನೊಬ್ಬಳೇ ಅಲ್ಲ, ಕೆಳಗೆ ಕೂತವರೆಲ್ಲ ಎಣಿಸಿದರು.

ಅಲ್ಲಿಂದ ಎರಡು ತಿಂಗಳು ಊರು ಪಾಳಿ ಹಾಕಿಕೊಂಡು ಗಂಡಿಗೆ ಹಣ್ಣು ಒದಗಿಸಿತು. ಪೊಟರೆಯ ಎದುರಿಗೆ ಬಿದಿರಿನ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಕೂತು ಕೊಡುವುದು. ಬಸರಿ ಮುಗಿದಾಗ ಅತ್ತಿ, ಅತ್ತಿ ಮುಗಿದಾಗ ಪಪ್ಪಾಯಿ ಹೋಳು. ಮರಿಗೆ ಹುಳುಹುಪ್ಪಟೆಯೂ ಬೇಕು ಎಂದು ಬಜಾರಿನ ಬಟ್ಟೆ ಅಂಗಡಿಯವರೂ ಮಿಡತೆ ಹಿಡಿದರು. ನಾವು ಕೊಟ್ಟದ್ದನ್ನು ಗಂಡು ಒಳಗೆ ದಾಟಿಸುತ್ತಿತ್ತು. ಮೊದಲ ಮಳೆ ಬಂದ ವಾರ ಹೆಣ್ಣು ಗೋಡೆ ಒಡೆದುಕೊಂಡು ಹೊರಬಂತು, ಹೊಸ ಗರಿ ಮೂಡಿತ್ತು. ನಾಲ್ಕು ದಿನದ ಮೇಲೆ ಮರಿಯೂ ಬಂತು. ಹೆಣ್ಣು ಮರದ ಸುತ್ತ ಹಾರಿ ಹಾರಿ ಗಂಡನ್ನು ಕರೆಯಿತು. ಅದು ರೆಕ್ಕೆ ಬಿಚ್ಚಿತು, ಬಲಗಾಲನ್ನು ಎತ್ತಿತು, ಮತ್ತೆ ಇಟ್ಟಿತು. ಒಣಗಿದ ಆ ಕೊಂಬೆಯ ಮೇಲೆ ಹೆಣ್ಣೂ ಬಂದು ಪಕ್ಕದಲ್ಲಿ ಕೂತು, ಕತ್ತಲಾಗುವಾಗ ಮರಿಯನ್ನು ಕರೆದುಕೊಂಡು ಹೋಯಿತು. ಮರುದಿನ ಬೆಳಿಗ್ಗೆ ಅತ್ತಿಹಣ್ಣು ಕಚ್ಚಿಕೊಂಡು ಬಂತು. ಗಂಡಿಗೆ ಕೊಟ್ಟಿತು. ಅದರ ಮರುದಿನವೂ ಬಂತು. ಹಾರಲು ಕಲಿಯುತ್ತಿದ್ದ ಮರಿಗೂ ಅದೇ ತರಬೇಕು, ಗಂಡಿಗೂ ಅದೇ ತರಬೇಕು. ಅದು ಬರತೊಡಗಿದ ಮೇಲೆ ನಮ್ಮ ಗಳದ ಹಣ್ಣನ್ನು ಗಂಡು ಮುಟ್ಟುವುದನ್ನೇ ಬಿಟ್ಟಿತು.

ಗಂಡು ಹೆಣ್ಣನ್ನು ಸಾಕುವುದನ್ನು ಎಲ್ಲ ಕಡೆ ನೋಡಬಹುದು. ಹೆಣ್ಣು ಗಂಡನ್ನು ಸಾಕುವ ಮಂಗಟ್ಟೆ ಎಲ್ಲಿದೆ? ಇದನ್ನು ಊರೂರಿಗೆ ಹೇಳಿದವನು ಚನವೀರಪ್ಪ. ಹತ್ತು ದಿನದಲ್ಲಿ ತೊರವಿ ಆರು ಜನರನ್ನು ಕರೆದುಕೊಂಡು ಬಂದ.

ನಾನು ಅಟ್ಟಣಿಗೆಯ ಕೆಳಗಿದ್ದೆ. ತೊರವಿ ನನಗೊಂದು ಉಡುಗೊರೆ ತಂದಿದ್ದ. ಚೌಕಟ್ಟು ಹಾಕಿಸಿದ ದೊಡ್ಡ ಫೋಟೋ, ಬಸರಿ ಮರದಲ್ಲಿ ಹಣ್ಣನ್ನು ಮೇಲಕ್ಕೆಸೆದು ಹಿಡಿಯುವ ಗಂಡು ಮಂಗಟ್ಟೆ. ಒಂದೊಂದು ಗರಿಯೂ ಎಣಿಸುವ ಹಾಗಿತ್ತು. "ನಿಮಗೆ ಅಂತಲೇ ಮಾಡಿಸಿದೆ ಫಕೀರವ್ವ. ಆವತ್ತಿನದು ನನಗೂ ಬೇಜಾರಿದೆ. ಆದರೂ ಅಳಿಸಿದ್ದು ಒಂದೇ ಒಂದು" ಎಂದ, ಮೂರನೇ ಸಲ.

"ಇದನ್ನ ನಾ ಯಾರಿಗೆ ತೋರಿಸ್ಲಿ ಸಾಹೇಬ್ರ?" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಆರು ಜನ ಆಗಲೇ ಮುಕ್ಕಾಲಿಗಳನ್ನು ಬಿಡಿಸುತ್ತಿದ್ದರು. ಚನವೀರಪ್ಪ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಅವ್ರು ಗಂಡಿಂದ ಅಷ್ಟ ತಗೀತಾರ, ಅದಕ್ಕ ಏನ ಆಗೂದೈತಿ ಹೇಳು" ಎಂದ. ಗಂಡಿನದು ಮಾತ್ರವಂತೆ. ಹೆಣ್ಣು ಕೊಕ್ಕಿಗೆ ಕೊಕ್ಕು ಕೊಡುವುದನ್ನು ತೆಗೆಯಲು ಬಂದವರು ಗಂಡಿನದು ಮಾತ್ರ ತೆಗೆಯುತ್ತಾರಂತೆ. ಸದ್ದಿಲ್ಲದ ಏಳು ಕ್ಯಾಮರಾ, ಸೆಕೆಂಡಿಗೆ ಇಪ್ಪತ್ತು ಫೋಟೋ, ಅದರಲ್ಲಿ ಮಸಕಾದದ್ದು ಎಷ್ಟೋ, ಅಳಿಸುವ ಹೆಬ್ಬೆರಳು ಎಷ್ಟೋ.

"ತಗಿಯಾಕ ಬಿಡಂಗಿಲ್ಲ" ಎನ್ನುವುದು ನನ್ನ ಮುಖದಲ್ಲೇ ಕಂಡಿರಬೇಕು. ತೊರವಿ ನನಗೆ ಬುದ್ಧಿ ಹೇಳುವವನ ಹಾಗೆ, ತಾಳ್ಮೆಯಿಂದ ಹೇಳಿದ. "ನೋಡಿ, ಯೋಚನೆ ಮಾಡಿ. ಅದು ಹೇಗೂ ಹಾರಲ್ಲವಲ್ಲ? ಇನ್ನು ಎಷ್ಟು ತೆಗೆದರೂ ನಷ್ಟ ಏನಿದೆ?"

ಅಷ್ಟು ಹೊತ್ತಿಗೆ ದೂರದಲ್ಲಿ ರೆಕ್ಕೆಯ ಸದ್ದು ಕೇಳಿಸಿತು. ಹೆಣ್ಣು ಬಂದು ಆಚೆ ಬಿದಿರು ಮೆಳೆಯ ಪಕ್ಕದ ಒಣಮರದಲ್ಲಿ ಕೂತಿತು. ಕೊಕ್ಕಿನಲ್ಲಿ ಹಣ್ಣಿತ್ತು. ಮರಿ ಅದರ ಹಿಂದೆಯೇ ತಡವರಿಸುತ್ತ ಬಂದಿತು. ಏಳು ಲೆನ್ಸ್ ಮೇಲೆದ್ದವು, ಎಲ್ಲ ಗಂಡಿನ ಕಡೆಗೆ, ಹೆಣ್ಣು ಬರಲಿ ಎಂದು ಕಾಯುತ್ತ.

ನಾನು ಏಣಿ ಹತ್ತಿದೆ. ಅಟ್ಟಣಿಗೆಯ ಮೇಲೆ ಹಕ್ಕಿಗೆ ಬೆನ್ನು ಮಾಡಿ, ಅವರಿಗೆ ಮುಖ ಮಾಡಿ, ಕಾಲು ಮಡಿಸಿ ಕೂತೆ. ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದೆ.

"ಅಮ್ಮ, ಫ್ರೇಮಿನಲ್ಲಿ ನೀವು ಬರ್ತಿದೀರಿ" ಎಂದು ಕೆಳಗಿನಿಂದ ಯಾರೋ ಕೂಗಿದರು.

"ಬರಲಿ. ನಂದ ತಗೀರಿ. ಎಷ್ಟ ಬೇಕಾದ್ರೂ ತಗೀರಿ, ನನಗ ತೋರಿಸೂದೂ ಬ್ಯಾಡ, ನಿಮಗ ಬ್ಯಾಡಾದ್ದು ಅಳಿಸ್ರಿ. ನಾ ಇಲ್ಲಿಂದ ಏಳಾಕಿ ಅಲ್ಲ" ಎಂದೆ.

ಚನವೀರಪ್ಪ ಬೈದ, ಆಮೇಲೆ ಬೇಡಿಕೊಂಡ. ಏಣಿ ಅಲುಗಿತು. ಧೂಳಪ್ಪ ಹತ್ತಿ ಬಂದು ನನ್ನ ಬಲಗಡೆ ಕೂತು, ಪಂಚೆ ಬಿಚ್ಚಿ ಅಡ್ಡ ಹಿಡಿಯಲೇನು ಎಂದು ಕೇಳಿದ. ಬೇಡ ಅಣ್ಣ, ಚಡ್ಡಿ ಹಾಕಿದ್ದೀಯೋ ಇಲ್ಲವೋ ಎಂದೆ. ಅಷ್ಟು ಸಿಟ್ಟಿನಲ್ಲೂ ನಗು ಬಂತು. ಸ್ಟುಡಿಯೋ ಮುಚ್ಚಿ ಓಡಿಬಂದ ಶಮೀಮ ಎಡಗಡೆ ಕೂತು ದುಪಟ್ಟಾ ಹರಡಿದಳು. ಒಬ್ಬ ಕ್ಯಾಮರಾ ಇಳಿಸಿದ. ಇನ್ನೊಬ್ಬ ಇಳಿಸಿದ. ಬಿಸಿಲು ಏರಿದ ಹಾಗೆ ಉಳಿದವರೂ ಇಳಿಸಿದರು. ತೊರವಿ ಮಾತ್ರ ಇಳಿಸಲಿಲ್ಲ. ಅವನಿಗೆ ತಾಳ್ಮೆ ಇತ್ತು, ಐವರಿಗೆ ಪಾಠ ಮಾಡಿದ ತಾಳ್ಮೆ. ನನ್ನ ಕೈ ಮರಗಟ್ಟಿತು. ಆಚೆ ಒಣಮರದಲ್ಲಿ ಹೆಣ್ಣು ಹಣ್ಣು ಹಿಡಿದೇ ಕೂತಿತ್ತು, ಮರಿ ಬಾಯಿ ತೆರೆದು ಕೇಳಿದರೂ ಕೊಡಲಿಲ್ಲ.

ಆಮೇಲೆ ಅದು ಎದ್ದಿತು. ನಮ್ಮ ತಲೆಯ ಮೇಲೆ ಹಾದುಹೋಗದೆ, ಮರದ ಹಿಂಬದಿಯಿಂದ ಸುತ್ತಿ ಬಂತು. ತೊರವಿ ಎಡಕ್ಕೆ ಸರಿದ, ನಾವೂ ಎಡಕ್ಕೆ ವಾಲಿದೆವು. ನನ್ನ ಬೆನ್ನಿಗೆ ರೆಕ್ಕೆಯ ಗಾಳಿ ಬಡಿಯಿತು, ಒಣಕೊಂಬೆ ಭಾರಕ್ಕೆ ಕಿರುಗುಟ್ಟಿತು, ಕೊಕ್ಕಿಗೆ ಕೊಕ್ಕು ತಾಗಿದ ಸದ್ದು ಕೇಳಿಸಿತು. ನಾವು ಮೂವರಲ್ಲಿ ಯಾರೂ ತಿರುಗಿ ನೋಡಲಿಲ್ಲ.